ತಾಳಮದ್ದಳೆಯ ಕ್ರಮದಲ್ಲಿ ರಸೆಲ್–ವಿಲ್ಟ್ ವಾದ: ನನ್ನ ಅನುಭವ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಜೋರ್ಡಾನ್ ದೊಡ್ಡವನಾ, ಲೆಬ್ರಾನ್ ದೊಡ್ಡವನಾ ಅಂತ ಕೇಳಿ ಹತ್ತು ಜನರನ್ನು ಕೂರಿಸಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೀವೂ ನಡೆಸಿದವರೇ. ಕಾಲು ಗಂಟೆಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಅರ್ಧ ಗಂಟೆಗೆ ಒಬ್ಬ ಬೈಕ್ ಸ್ಟಾರ್ಟ್ ಮಾಡಿ ಹೊರಡುತ್ತಾನೆ. ಈಗ ಕಾಸರಗೋಡಿನ ಬದಿಯಡ್ಕದ ಹತ್ತಿರ ನಾವು ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು, ಪಾತ್ರವಾಗಿ ವಾದಿಸುವ ಯಕ್ಷಗಾನ) ಕ್ರಮದಲ್ಲಿ ಎರಡೂವರೆ ಗಂಟೆ ಕೂತು ಇಂಥದ್ದೇ ವಾದ ಮಾಡುತ್ತೇವೆ, ಕುರ್ಚಿ ಖಾಲಿಯಾಗುವುದಿಲ್ಲ. ಉಪ್ಪಳದಿಂದ, ಪುತ್ತೂರಿನಿಂದ ಸಹ ಜನ ಬರುತ್ತಾರೆ. ಹೇಗೆ ಅಂತ ಕೇಳುವವರು ಜಾಸ್ತಿಯಾದ ಕಾರಣ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಕಾಸರಗೋಡು ಅಂದರೆ ಸೆವೆನ್ಸ್ ಫುಟ್ಬಾಲ್, ಕಬಡ್ಡಿ, ವಾಲಿಬಾಲ್. "ಫುಟ್ಬಾಲಿನ ಊರಲ್ಲಿ ನಿಂಗೆ ಯಾಕೆ ಮಾರಾಯ ಬಾಸ್ಕೆಟ್‌ಬಾಲ್?" ಅಂತ ಕ್ಲಬ್ಬಿನವರೇ ಕೇಳಿದರು. ಕೇಳಿದವರಲ್ಲಿ ಇಬ್ಬರು ಈಗ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಅದು ಬೇರೆ ವಿಷಯ.

ದುಡ್ಡು ಹೋದದ್ದು ಮೊದಲು ಹೇಳಿಬಿಡುತ್ತೇನೆ. ಹಳೆಯ ಪಂದ್ಯದ ತುಣುಕು ತೋರಿಸಿದರೆ ವಾದ ಗಟ್ಟಿಯಾಗುತ್ತದೆ ಅಂತ ಪ್ರೊಜೆಕ್ಟರ್ ಬಾಡಿಗೆಗೆ ತಂದೆವು. ಸಾವಿರದ ಎಂಟುನೂರೋ ಏನೋ. ಸಿಡಿಲು ಮಳೆ ಬಂತು, ಕರೆಂಟ್ ಹೋಯಿತು, ಬಾಡಿಗೆಯವನು ಪೂರ್ತಿ ದುಡ್ಡು ಎಣಿಸಿಕೊಂಡು ಹೋದ. ಆಮೇಲೆ ಮೂವರು ತೀರ್ಪುಗಾರರನ್ನಿಟ್ಟು ಮಾರ್ಕು ಕೊಡಿಸಿದೆವು. ತೀರ್ಪುಗಾರರಲ್ಲಿ ಒಬ್ಬರಾದ ಮಾಷ್ಟ್ರ ಅಳಿಯನೇ ಜೋರ್ಡಾನ್ ಪರ ಮಾತಾಡಿದ. ಮತ್ತೆ ಕೇಳಬೇಕಾ? ಮೊಬೈಲ್ ನೋಡಿ ಮಾತಾಡಿ ಅಂದದ್ದು ಇನ್ನೂ ಕಷ್ಟವಾಯಿತು. ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಅಂಕಿ.

ದಾರಿ ಸಿಕ್ಕಿದ್ದು ನಮ್ಮ ಪಕ್ಕದ ಮನೆಯ ಮಾವನಿಂದ. ಅವರು ಹಳೆಯ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವರು; ಅದೇ ಕಲೆಯ ಹಿರಿಯರಾದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಪಾತ್ರವನ್ನು ಎದುರು ಕೂತು ಕೇಳಿದವರು. ನಮ್ಮ ಗಲಾಟೆ ಕೇಳಿ, "ಪಾತ್ರ ಹಂಚಿದ್ದೀಯಾ?" ಅಂದರು. ಅಷ್ಟೇ. ಆದರೆ ನಾನು ಹಾಗೇ ಮಾಡುತ್ತೇನೆ ಅಂದಾಗ ಅವರೇ ನಕ್ಕರು. "ಆ ಹೆಸರುಗಳಿಗೆ ಪೀಠಿಕೆ ಹೇಗೆ ಹಾಕುವುದು?" ಪೀಠಿಕೆ ಅಂದರೆ ಪಾತ್ರ ತನ್ನನ್ನು ಪರಿಚಯಿಸಿಕೊಳ್ಳುವ ಮೊದಲ ಮಾತು.

ಯೋಚನೆ ಮಾಡಿ. ವಾಲಿ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂತು ಕೇಳುತ್ತಾರೆ. ಯಾಕೆ? ಕಥೆ ಬದಲಾಗುವುದಿಲ್ಲ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಅಂತ ಮಾತ್ರ ವಾದ. ನಮ್ಮದೂ ಅದೇ ಅಲ್ವಾ? ಸ್ಕೋರ್ ಬದಲಾಗುವುದಿಲ್ಲ. ಹಾಗಾಗಿ "ಯಾರು ದೊಡ್ಡವರು" ಅನ್ನುವ ಪ್ರಶ್ನೆಯನ್ನೇ ಬಿಟ್ಟೆ. ಮೊದಲ ಪ್ರಸಂಗ ಹೀಗೆ ಕಟ್ಟಿದೆ: 1961–62ರ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ) ಬಿಲ್ ರಸೆಲ್‌ಗೆ ಸಿಕ್ಕಿತು, ವಿಲ್ಟ್ ಚೇಂಬರ್ಲಿನ್‌ಗೆ ಸಿಗಲಿಲ್ಲ. ಅದು ನ್ಯಾಯವಾ?

ಜೋರ್ಡಾನ್–ಲೆಬ್ರಾನ್ ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ರಸೆಲ್ ಆಡಿದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಕಾಣದವನ ಮೇಲೆ ಅಭಿಮಾನ ಕಡಿಮೆ, ಸಿಟ್ಟೂ ಕಡಿಮೆ. ಮಾತಾಡುವವನು "ವಿಲ್ಟ್ ಹಾಗೆ ಮಾಡಿದ" ಅನ್ನಬಾರದು, "ನಾನು ಮಾಡಿದೆ" ಅನ್ನಬೇಕು. ವಿಲ್ಟ್ ಸೋತರೆ ಪಾತ್ರ ಸೋತದ್ದು, ತೋಟದ ಕೆಲಸ ಬಿಟ್ಟು ಬಂದ ನಮ್ಮ ಹುಡುಗ ಸೋತದ್ದಲ್ಲ. ಅಂಕಿಗಳನ್ನೆಲ್ಲ ಚಾರ್ಟ್ ಪೇಪರಿನಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಚಾರ್ಟಿನಲ್ಲಿ ಇಲ್ಲದ್ದನ್ನು ಹೇಳುವ ಹಾಗಿಲ್ಲ.

ಆ ರಾತ್ರಿ ವಿಲ್ಟ್ ಪೀಠಿಕೆ ಹಾಕಿದ. "ಪಂದ್ಯಕ್ಕೆ 50.4 ಅಂಕ. ಹರ್ಶಿಯಲ್ಲಿ ನಿಕ್ಸ್ ತಂಡದ ಎದುರು ಒಂದೇ ಪಂದ್ಯದಲ್ಲಿ ನೂರು. ಪಂದ್ಯ ಇರುವುದೇ 48 ನಿಮಿಷ, ಓವರ್‌ಟೈಮ್ ಸೇರಿ ನಾನು ಸರಾಸರಿ ಆಡಿದ್ದು 48.5. ಇಷ್ಟಾದ ಮೇಲೂ ಪ್ರಶಸ್ತಿ ನಿನಗೆ. ಕೊಟ್ಟವರು ಯಾರು?"

ರಸೆಲ್ ಪಾತ್ರದವರು ಬ್ಯಾಂಕಿನಲ್ಲಿ ಇರುವವರು, ತಣ್ಣಗೆ ಮಾತಾಡುವ ಜನ. "ಪತ್ರಿಕೆಯವರಲ್ಲ. ಆಗ ಓಟು ಹಾಕುತ್ತಿದ್ದದ್ದು ಆಟಗಾರರೇ. ನಿನ್ನ ಕೈಯಲ್ಲಿ ಅಷ್ಟು ಹೊಡೆಸಿಕೊಂಡವರೇ ನನ್ನ ಹೆಸರು ಬರೆದರು. ಯಾಕೆ ಅಂತ ಅವರನ್ನು ಕೇಳಿದ್ದೀಯಾ?"

ಸಭೆ ಹೋ ಅಂದಿತು. ಆದರೆ ನಮ್ಮ ವಿಲ್ಟ್ ಬಿಡಲಿಲ್ಲ. "ನಿನ್ನ ಪಕ್ಕದಲ್ಲಿ ಕೂಸಿ, ಹೈನ್ಸನ್, ಸ್ಯಾಮ್ ಜೋನ್ಸ್‌ರಂಥ ಆಟಗಾರರು. ಆ ವರ್ಷ ನಮ್ಮಿಬ್ಬರ ತಂಡಗಳ ಸರಣಿಯ ಏಳನೇ ಪಂದ್ಯದಲ್ಲಿ ನಾವು ಸೋತದ್ದು 109–107. ಕೊನೆಯ ಬುಟ್ಟಿ ಹಾಕಿದ್ದು ಸ್ಯಾಮ್, ನೀನಲ್ಲ."

ಅಲ್ಲಿಂದ ರಸೆಲ್ ಎಳೆದುಕೊಂಡು ಹೋದದ್ದು 1969ಕ್ಕೆ. ಚಾರ್ಟಿನಲ್ಲಿ ಇತ್ತು, ಆದರೂ ವಿಲ್ಟ್ ತಯಾರಿರಲಿಲ್ಲ. ಫೈನಲ್‌ನ ಏಳನೇ ಪಂದ್ಯ, ಲಾಸ್ ಏಂಜಲೀಸ್. ಆಗ ವಿಲ್ಟ್ ಆಡುತ್ತಿದ್ದ ಲೇಕರ್ಸ್ ತಂಡ ಗೆದ್ದೇ ಗೆಲ್ಲುತ್ತದೆ ಅಂತ ಮಾಲೀಕರು ಮಾಡಿಗೆ ಬಲೂನು ಕಟ್ಟಿಸಿದ್ದರು. "ಕೊನೆಯ ನಿಮಿಷಗಳಲ್ಲಿ ನೀನು ಬೆಂಚಿನಲ್ಲಿ ಕೂತಿದ್ದೆ. ಎರಡೇ ಅಂಕಕ್ಕೆ ಸೋತಿರಿ, 108–106. ಮೊಣಕಾಲು ನೋವಿಗೆ ಯಾರಾದರೂ ಅಂಥಾ ಪಂದ್ಯ ಬಿಡುತ್ತಾರಾ?" ನಮ್ಮ ಹುಡುಗ ಸ್ವಲ್ಪ ನೀರು ಕುಡಿದ. ಆಮೇಲೆ ಹೇಳಿದ: "ಆಡುತ್ತೇನೆ ಅಂತ ಕೇಳಿದೆ, ಕೋಚ್ ಬಿಡಲಿಲ್ಲ. ಅದನ್ನು ವಿಚಾರಿಸದೆ ನೀನು ಊರಿಡೀ ನನ್ನನ್ನು ಆಡಿಕೊಂಡೆ. ಆಮೇಲೆ ಎಷ್ಟು ವರ್ಷ ನಮ್ಮೊಳಗೆ ಮಾತಿಲ್ಲ, ನಿನಗೇ ಗೊತ್ತು." ರಸೆಲ್‌ಗೆ ಉತ್ತರ ಹೊಳೆಯಲು ಒಳ್ಳೆ ಹೊತ್ತು ಹಿಡಿಯಿತು. ಪಕ್ಕದ ಮನೆಯ ಮಾವ ಚಪ್ಪಾಳೆ ಹೊಡೆದದ್ದು ಅಲ್ಲಿಗೆ ಮಾತ್ರ. ಪೀಠಿಕೆ ಉದ್ದವಾಯಿತು ಅಂತ ಆಮೇಲೆ ಬೈದರು.

ರಿಂಗ್ (ಚಾಂಪಿಯನ್ ಆದವರಿಗೆ ಸಿಗುವ ಉಂಗುರ) ಲೆಕ್ಕದ ಬಗ್ಗೆ ಒಂದು ನಿಯಮ ಇಟ್ಟಿದ್ದೇನೆ. ರಿಂಗ್ ಎಣಿಸುವವನು ಆಗ ಲೀಗಿನಲ್ಲಿ ಎಷ್ಟು ತಂಡ ಇತ್ತು ಅಂತಲೂ ಹೇಳಬೇಕು. ರಸೆಲ್ 13 ವರ್ಷದಲ್ಲಿ 11 ಗೆದ್ದ, ಸರಿ. ಶುರುವಿನಲ್ಲಿ ಇದ್ದದ್ದು ಎಂಟೇ ತಂಡ. ಅಷ್ಟಕ್ಕೂ ಕೇಳದಿದ್ದರೆ ತಾರೆಯಲ್ಲದ ರಾಬರ್ಟ್ ಹೋರಿಯ ಹೆಸರು ತೆಗೆಯುತ್ತೇನೆ. ಅವನಿಗೆ 7, ಜೋರ್ಡಾನ್‌ಗೆ 6. ಮಾತು ನಿಲ್ಲುತ್ತದೆ. ರಸೆಲ್‌ನ ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು) ಎಷ್ಟು ಅಂತ ಯಾರೂ ಬಾಯಿ ಬಿಡಬಾರದು. 1973–74ರ ಮೊದಲು ಅದನ್ನು ಎಣಿಸಿಯೇ ಇಲ್ಲ.

ನಡುವೆ ಕೆಲವು ಹುಚ್ಚಾಟವನ್ನೂ ಮಾಡಿದೆವು. ಭಾಗವತರನ್ನು ಕರೆಸಿ ನೂರು ಅಂಕಕ್ಕೆ ಪದ್ಯ ಹಾಡಿಸಿದೆವು. ಚೆಂಡೆ, ಮದ್ದಳೆ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಜನಕ್ಕೆ ಖುಷಿ, ಆದರೆ ವಾದ ಶುರುವಾಗುವಾಗ ಹತ್ತೂವರೆ. ಸುಮ್ನೆ ದಂಡ ಅಂತ ನನ್ನ ಅಭಿಪ್ರಾಯ. ಶರಸೇತು ಬಂಧದ ಅಚ್ಚಿನಲ್ಲಿ ಮಾಡಿಸಿದ್ದು ಮಾತ್ರ ಭಾರೀ ಚಂದ ಬಂತು. ರಾಮ ಯಾಕೆ ಬಾಣದಲ್ಲಿ ಸೇತುವೆ ಕಟ್ಟಲಿಲ್ಲ ಅಂತ ಅರ್ಜುನ ಹನುಮಂತನನ್ನು ಕೆಣಕುತ್ತಾನಲ್ಲ, ಹಾಗೆ ನಂತರದ ಕಾಲದ ಸ್ಟೆಫ್ ಕರಿ ಬಂದು ರಸೆಲ್‌ನನ್ನು ಕೇಳುವುದು: "ನಾನು ಒಂದೇ ಸೀಸನ್‌ನಲ್ಲಿ 402 ತ್ರೀ ಹಾಕಿದೆ, ನೀವು ಯಾಕೆ ಹಾಕಲಿಲ್ಲ?" ತ್ರೀ ಅಂದರೆ ದೂರದ ಗೆರೆಯ ಹೊರಗಿನಿಂದ ಹಾಕುವ ಮೂರು ಅಂಕದ ಬುಟ್ಟಿ; ಆ ಗೆರೆ ಲೀಗಿಗೆ ಬಂದದ್ದೇ 1979ರಲ್ಲಿ ಅನ್ನುವುದನ್ನು ರಸೆಲ್ ಕಾಲು ಗಂಟೆ ಎಳೆದು ಎಳೆದು ಹೇಳಿದರು.

ತಂಡಗಳ ವಾದ ಅಷ್ಟು ಏಳಲಿಲ್ಲ. ಒಂದು ಸೀಸನ್‌ನಲ್ಲಿ ಬುಲ್ಸ್ 72 ಗೆದ್ದು 10 ಸೋತದ್ದು ದೊಡ್ಡದಾ, ವಾರಿಯರ್ಸ್ 73 ಗೆದ್ದು 9 ಸೋತದ್ದಾ ಅಂತ. ವಾರಿಯರ್ಸ್ ಫೈನಲ್‌ನಲ್ಲಿ 3–1 ಮುಂದಿದ್ದು ಸೋತವರು, ಅವರ ಪರ ನಿಲ್ಲಲು ಯಾರೂ ಒಪ್ಪುವುದಿಲ್ಲ. ಪ್ಲೇ ಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್ ಸರಣಿಗಳು) ಮುಟ್ಟಬಾರದು ಅಂತ ಗಡಿ ಹಾಕಿದ ಮೇಲೆ ಸ್ವಲ್ಪ ಜೀವ ಬಂತು.

ಜೋರ್ಡಾನ್–ಲೆಬ್ರಾನ್‌ಗೆ ಕೈ ಹಾಕಿದ್ದು ಇಷ್ಟೆಲ್ಲ ಪಳಗಿದ ಮೇಲೆ. ಅಲ್ಲಿ ಜೋರ್ಡಾನ್ ಅಭಿಮಾನಿಯೇ ಲೆಬ್ರಾನ್ ಆಗಬೇಕು. ಒಳಗೊಳಗೆ ಯಾರು ಯಾರ ಅಭಿಮಾನಿ ಅಂತ ಕಂಡುಹಿಡಿಯುವುದು ಹೇಗೆ, ಮಾತು ನಿಲ್ಲಿಸದವನನ್ನು ಗಂಟೆ ಹೊಡೆಯದೆ ಕೂರಿಸುವುದು ಹೇಗೆ, ಈ ಎರಡು ನನ್ನ ಹತ್ತಿರವೇ ಇರಲಿ. ಪಕ್ಕದ ಊರಿನ ಕ್ಲಬ್ಬಿನವರು ಈಗಾಗಲೇ ಬಾಕಿದ್ದೆಲ್ಲ ನಕಲು ಮಾಡಿದ್ದಾರೆ.

ಈಗ ಒಂದು ರಾತ್ರಿಗೆ ಮೈಕ್ ಸಾವಿರದ ಇನ್ನೂರು, ಚಾ ಗೋಳಿಬಜೆಗೆ ಎಂಟುನೂರು ಒಂಬೈನೂರು. ಡಬ್ಬಿಗೆ ಬೀಳುವುದು ಹೆಚ್ಚೆಂದರೆ ಸಾವಿರದ ಐನೂರು. ಬಾಕಿ ನಾನೂ ದುಬೈಯಲ್ಲಿರುವ ಒಬ್ಬ ಗೆಳೆಯನೂ ಹಂಚಿಕೊಳ್ಳುತ್ತೇವೆ.

ಮಳೆ ಬಿಟ್ಟ ಮೇಲೆ ಕರೀಮ್ ಅಬ್ದುಲ್ ಜಬ್ಬಾರ್ ಪ್ರಸಂಗ ಇಡಬೇಕು ಅಂತಿದೆ. ಆರು ರಿಂಗ್, ಆರು ಎಂವಿಪಿ, 38,387 ಅಂಕ. ಇಷ್ಟಿದ್ದೂ ಆ ಪಾತ್ರ ಮಾಡುತ್ತೇನೆ ಅಂತ ಒಬ್ಬನೂ ಮುಂದೆ ಬಂದಿಲ್ಲ. ಕುಂಬಳೆ, ಪೆರ್ಲ ಕಡೆಯವರು ಯಾರಾದರೂ ಇದ್ದರೆ ಹೇಳಿ. ಸಂಭಾವನೆ ಇಲ್ಲ, ಬಸ್ಸಿನ ದುಡ್ಡು ಕೊಡುತ್ತೇನೆ.