ಈಯುವ ಆಕಳನ್ನು ಎಷ್ಟು ತಾಸಿಗೊಮ್ಮೆ ನೋಡಬೇಕು?

ಗಬ್ಬದ ಆಕಳನ್ನು ದಿನಕ್ಕೆ ಇಷ್ಟೇ ಸಲ ನೋಡಬೇಕು ಅನ್ನುವ ಒಂದೇ ಲೆಕ್ಕ ಇಲ್ಲ. ದಿನ ಹತ್ತಿರ ಬಂದಂತೆ ನೋಡುವ ಹೊತ್ತೂ ಹತ್ತಿರ ಹತ್ತಿರ ಆಗಬೇಕು. ಅದಕ್ಕೆ ಮೊದಲು ತಾರೀಖು ಗೊತ್ತಿರಬೇಕು. ಹೋರಿಗೆ ಬಿಟ್ಟ ದಿನವನ್ನೋ ಗಬ್ಬದ ಇಂಜೆಕ್ಷನ್ ಮಾಡಿಸಿದ ದಿನವನ್ನೋ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ದೇವಣಿ ತಳಿ ಇರಲಿ, ಜರ್ಸಿ ಇರಲಿ, ಆ ದಿನದಿಂದ ಈಯಲು ಆಕಳಿಗೆ ಸುಮಾರು 280ರಿಂದ 290 ದಿನ. ಎಮ್ಮೆಗೆ 305ರಿಂದ 315 ದಿನ.

ಕಡೆಯ ಎರಡು ವಾರ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ನೋಡಿದರೆ ಸಾಕು. ಕೆಚ್ಚಲು ಬಾತದ್ದನ್ನು ನೋಡಿ ಅಂದಿನಿಂದಲೇ ರಾತ್ರಿ ನಿದ್ದೆಗೆಡುವವರು ಬಹಳ ಮಂದಿ. ಮೊದಲ ಸಲ ಈಯುವ ಮಣಕಕ್ಕೆ ಕೆಚ್ಚಲು ಮೂರು ವಾರ ಮೊದಲೇ ಬಾಯುವುದುಂಟು. ಹಾಗೆ ಕಾದು ಕಾದು ದಣಿದು, ಈಯುವ ರಾತ್ರಿಯೇ ಮನೆಮಂದಿಯೆಲ್ಲ ಮಲಗಿಬಿಡುತ್ತಾರೆ.

ಕೆಚ್ಚಲಿಗಿಂತ ಬಾಲದ ಬುಡವನ್ನು ನಂಬಿರಿ. ಬಾಲದ ಎರಡೂ ಮಗ್ಗುಲು ಬೆರಳಿಟ್ಟು ಒತ್ತಿದರೆ ಬೇರೆ ದಿನಗಳಲ್ಲಿ ಬಿಗಿದ ಹಗ್ಗದಂಥ ನರ ಕೈಗೆ ಸಿಗುತ್ತದೆ. ಅದು ರೊಟ್ಟಿಗೆ ನಾದಿಟ್ಟ ಜೋಳದ ಹಿಟ್ಟಿನಂತೆ ಮೆತ್ತಗಾಗಿ, ಎರಡೂ ಕಡೆ ಗುಳಿ ಬಿತ್ತೆಂದರೆ ಸಾಮಾನ್ಯವಾಗಿ ಒಂದು ಹಗಲು-ರಾತ್ರಿಯೊಳಗೆ ಈಯುತ್ತದೆ. ನಿನ್ನೆ ಒತ್ತಿದವರೇ ಇವತ್ತೂ ಒತ್ತಬೇಕು, ದಿನಕ್ಕೊಬ್ಬರು ಕೈಯಾಡಿಸಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಬುಡ ಸಡಿಲಾದ ದಿನದಿಂದ ಮೂರು ತಾಸಿಗೊಮ್ಮೆ ಹೋಗಿ ನೋಡಿರಿ, ರಾತ್ರಿಯೂ ಬಿಡಬೇಡಿರಿ. ಮೇವು ಬಿಟ್ಟು, ಏಳುವುದು ಮಲಗುವುದು ಮಾಡುತ್ತ, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡಿ ಬೇನೆ ತಿನ್ನಲು ಶುರುವಾದರೆ ತಾಸಿಗೊಮ್ಮೆ. ಮೊದಲ ಸೂಲಿನ ಮಣಕ ಆದರೆ ಅರ್ಧ ತಾಸಿಗೊಮ್ಮೆ. ದೂರದಿಂದ, ಸಣ್ಣ ಬೆಳಕಿನಲ್ಲಿ ನೋಡಿರಿ. ಓಣಿಯ ಮಂದಿಯೆಲ್ಲ ಸುತ್ತ ನಿಂತರೆ ದನ ಬೆದರಿ ಬೇನೆ ತಡೆಯುತ್ತದೆ.

ನೀರಿನ ಚೀಲ ಕಾಣಿಸಿದ ಕೂಡಲೇ ಗಡಿಯಾರ ನೋಡಿ ಹೊತ್ತು ಬರೆದಿಡಿರಿ. ಇಲ್ಲಿಂದ ಮುಂದೆ ಅಲ್ಲೇ ಹತ್ತಿರ ಇರಬೇಕು. ಸೂಲು ಕಂಡ ಆಕಳು ಒಂದು ತಾಸಿನೊಳಗೆ, ಮಣಕ ಎರಡು ತಾಸಿನೊಳಗೆ ಈಯಬೇಕು. ಗೊರಸಿನ ಅಡಿ ಕೆಳಮುಖವಾಗಿ ಎರಡು ಮುಂಗಾಲು, ಅವುಗಳ ಮೇಲೆ ಮೂಗು ಕಂಡರೆ ಕರು ಸರಿಯಾಗಿದೆ, ಸುಮ್ಮನಿರಿ. ಒಂದೇ ಕಾಲು, ಬರೀ ತಲೆ, ಬರೀ ಬಾಲ, ಇಲ್ಲವೇ ಅಡಿ ಮೇಲಾದ ಗೊರಸು ಕಂಡರೆ, ಅಥವಾ ಅರ್ಧ ತಾಸು ಮುಕ್ಕಿದರೂ ಕರು ಮುಂದಕ್ಕೆ ಬಾರದಿದ್ದರೆ, ಆಗಲೇ ದನಗಳ ಅಂಬುಲೆನ್ಸಿನ 1962 ನಂಬರಿಗೆ ಇಲ್ಲವೇ ಹತ್ತಿರದ ದನದ ಡಾಕ್ಟರಿಗೆ ಫೋನ್ ಮಾಡಿರಿ. ಹಳ್ಳಿಗೆ ಗಾಡಿ ಬರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ನಾಲ್ಕು ಜನ ಹಗ್ಗ ಕಟ್ಟಿ ಜಗ್ಗುವುದು ಮಾತ್ರ ಬೇಡವೇ ಬೇಡ, ಗರ್ಭಚೀಲ ಹರಿದು ತಾಯಿ ಸಾಯುವುದು ಹೀಗೆಯೇ.

ಹಗಲಲ್ಲೇ ಈಯಿಸಿಕೊಳ್ಳುವ ಒಂದು ಉಪಾಯ ಇದೆ. ಕಡೆಯ ಮೂರು-ನಾಲ್ಕು ವಾರ ದಿನದ ಮೇವಿನ ಹೆಚ್ಚಿನ ಪಾಲನ್ನು ಮುಂಜಾನೆ ಹಾಕದೆ ಸಂಜೆ ಹೊತ್ತು ಮುಳುಗುವಾಗ ಗೋದಲಿಗೆ ಹಾಕಿರಿ. ಜೋಳದ ಕಣಿಕಿ, ತೊಗರಿ ಹೊಟ್ಟು, ಹಿಂಡಿ ಎಲ್ಲಕ್ಕೂ ಇದೇ ಲೆಕ್ಕ. ಹೀಗೆ ತಿಂದ ದನಗಳಲ್ಲಿ ಹೆಚ್ಚಿನವು ಹಗಲಲ್ಲಿ ಈಯುತ್ತವೆ. ಎಲ್ಲವೂ ಅಲ್ಲ, ಆದರೂ ರಾತ್ರಿ ಕಾಯುವ ಕಷ್ಟ ಕಡಿಮೆ ಆಗುತ್ತದೆ.

ನಮ್ಮ ಕಡೆ ಕೊಟ್ಟಿಗೆಗೆ ಶಹಾಬಾದ್ ಫರಶಿ ಕಲ್ಲು ಹಾಸುವುದು ರೂಢಿ. ಸಗಣಿ ಬಾಚಲು ಸಲೀಸು, ನಿಜ. ಆದರೆ ಈಯುವಾಗ ಅದರ ಮೇಲೆ ನೀರು, ಲೋಳೆ ಬಿದ್ದರೆ ಗಾಜಿನಂತೆ ಜಾರುತ್ತದೆ. ಏಳಲು ಹೋದ ಆಕಳ ಹಿಂಗಾಲು ಎರಡೂ ಕಡೆ ಹರಿದು ಬಿದ್ದರೆ ಮತ್ತೆ ಎದ್ದು ನಿಲ್ಲುವುದು ಕಷ್ಟ. ಬಾಲದ ಬುಡ ಸಡಿಲಾದ ದಿನವೇ ಆಕಳನ್ನು ಫರಶಿಯ ಮೇಲಿಂದ ಬಿಡಿಸಿ ಒಣ ಮಣ್ಣಿನ ಜಾಗಕ್ಕೆ ಕಟ್ಟಿರಿ. ಜಾಗ ಇಲ್ಲದಿದ್ದರೆ ಫರಶಿಯ ಮೇಲೆ ಮಣ್ಣು ಹರಡಿ, ಮೇಲೊಂದು ಗೇಣು ಒಣ ಹುಲ್ಲು ಹಾಕಿರಿ. ಸುರಪುರ, ಶಹಾಪುರದ ಕಡೆಯವರಿಗೆ ಭತ್ತದ ಹುಲ್ಲು ಹೇಗೂ ಸಿಗುತ್ತದೆ. ಹಿಂದೆ ಗಂಜಲದ ಕಾಲುವೆ ಇದ್ದರೆ ಮುಚ್ಚಿರಿ, ಕರು ಅದರಲ್ಲೇ ಬೀಳುತ್ತದೆ. ಹಗ್ಗ ಗಿಡ್ಡ ಇದ್ದರೆ ತಾಯಿಗೆ ತಿರುಗಿ ಕರುವನ್ನು ನೆಕ್ಕಲಾಗುವುದಿಲ್ಲ, ಬಿಚ್ಚಿ ಬಿಟ್ಟರೆ ಇನ್ನೂ ಒಳ್ಳೆಯದು.

ಕರು ಬಿದ್ದ ಮೇಲೆ ಮೂಗು-ಬಾಯಿಯ ಲೋಳೆ ತೆಗೆದು, ಒಣ ಗೋಣಿಯಿಂದ ಮೈ ತಿಕ್ಕಿರಿ. ಉಸಿರು ತಡವಾದರೆ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿರಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನು ಮೂರು ದಿನ ತಪ್ಪಿಸಬೇಡಿರಿ, ಮಳೆಗಾಲದಲ್ಲಿ ಅಲ್ಲೇ ಹುಳ ಬೀಳುತ್ತವೆ. ಮಾಸು (ಕರುವಿನ ಹಿಂದೆ ಬೀಳುವ ಚೀಲ) ಬೀಳುವವರೆಗೆ ಗಿಣ್ಣದ ಹಾಲು ಕುಡಿಸಬಾರದು ಅನ್ನುವ ಮಾತು ಇನ್ನೂ ಊರೂರಲ್ಲಿ ಉಳಿದಿದೆ. ದಯವಿಟ್ಟು ಕೇಳಬೇಡಿರಿ. ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಾಲಿನಿಂದ, ತಾಸು ಕಳೆದಂತೆ ಅದನ್ನು ಹೀರಿಕೊಳ್ಳುವುದು ಕರುಳಿಗೆ ಆಗದಂತಾಗುತ್ತದೆ. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಬೇಕು, ಅದರಲ್ಲಿ ಅರ್ಧ ಮೊದಲ ಎರಡು ತಾಸಿನೊಳಗೆ. ಹಾಲು ಉಂಡರೆ ಮಾಸು ಬೀಳಲೂ ಅನುಕೂಲ.

ಮಾಸು 12 ತಾಸಾದರೂ ಬೀಳದಿದ್ದರೆ ಡಾಕ್ಟರನ್ನು ಕರೆಯಿರಿ. ಎಳೆಯಬೇಡಿರಿ, ಅದಕ್ಕೆ ಕಲ್ಲು ಕಟ್ಟಬೇಡಿರಿ. ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿ ಕೆದರದಷ್ಟು ಆಳಕ್ಕೆ ಸುಣ್ಣ ಹಾಕಿ ಹುಗಿಯಿರಿ.

ಈದ ಮೇಲೂ ಮೂರು ದಿನ ಆಕಳ ಕಡೆ ಗಮನ ಇರಲಿ, ಹೆಚ್ಚು ಹಾಲು ಕೊಡುವ ದನವಾದರೆ ರಾತ್ರಿ ಮಲಗುವ ಮುಂಚೆ ಒಮ್ಮೆ ಕಿವಿ ಮುಟ್ಟಿ ನೋಡಿರಿ. ಕಿವಿ ತಣ್ಣಗಾಗಿ, ಕುತ್ತಿಗೆ ಹೊಟ್ಟೆಯ ಕಡೆ ಮಡಚಿ ಮಲಗಿದ್ದರೆ ಅದು ಹಾಲುಜ್ವರ, ಅಂದರೆ ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆಯಾಗುವ ರೋಗ. ಬಾಯಿಗೆ ಏನೂ ಹೊಯ್ಯದೆ, ಎದೆಯ ಮೇಲೆ ಕೂರುವಂತೆ ಪಕ್ಕಕ್ಕೆ ಹುಲ್ಲಿನ ಚೀಲ ಆನಿಸಿ, ಬೆಳಗಾಗಲಿ ಅನ್ನದೆ ಆಗಲೇ ಡಾಕ್ಟರನ್ನು ಕರೆಸಿ ಕ್ಯಾಲ್ಸಿಯಂ ಹಾಕಿಸಿರಿ.