ಮೈಕ್ ಆನ್ ಮಾಡುವ ಮೊದಲು ತುಂಬಬೇಕಾದ ಹಾಳೆ

ಹುಬ್ಬಳ್ಳಿಯ ನನ್ನ ಸ್ಟುಡಿಯೋದಲ್ಲಿ ಮೈಕ್ ಆನ್ ಆಗುವ ಮೊದಲು ಒಂದು ಹಾಳೆ ತುಂಬಬೇಕು. ಸಾಹಿತ್ಯ ಯಾರದು, ಧಾಟಿ ಕೂಡಿಸಿದವರು ಯಾರು, ಹಾಡುವವರು, ಪೇಟಿ (ಹಾರ್ಮೋನಿಯಂ), ತಬಲಾ, ತಾಳ, ಹಿಮ್ಮೇಳದವರು ಯಾರು, ರೆಕಾರ್ಡಿಂಗ್ ಖರ್ಚು ಯಾರು ಹಾಕಿದರು, ಬಂದ ಹಣದಲ್ಲಿ ಯಾರಿಗೆ ಎಷ್ಟು. ಕೆಳಗೆ ಎಲ್ಲರ ಸಹಿ. ಸ್ಟ್ರೀಮಿಂಗ್‌ನಲ್ಲಿ ದುಡ್ಡು ಕಡಿಮೆ ಎಂಬ ದೂರು ನಿಜವೇ. ಆದರೆ ನಮ್ಮ ಭಾಗದ ಕಲಾವಿದರ ಕೈತಪ್ಪುವ ಹಣದಲ್ಲಿ ದೊಡ್ಡ ಪಾಲು ಹೋಗುವುದು ಹೆಸರು ದಾಖಲಾಗದೆ ಇರುವುದರಿಂದ. ಹಾಡು ಹಿಟ್ ಆದ ಮೇಲೆ ಈ ಹಾಳೆ ತುಂಬಲು ಕೂತರೆ ಜಗಳವಾಗುತ್ತದೆ.

ಮೊದಲು ಎಲ್ಲರಿಗೂ ತಿಳಿಸಿ ಹೇಳುವುದು: ಹಾಡು ಬೇರೆ, ರೆಕಾರ್ಡಿಂಗ್ ಬೇರೆ. ಸಾಹಿತ್ಯ ಮತ್ತು ಧಾಟಿಯ ಹಣ ಬರುವುದು ಮುಂಬೈಯ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಮೂಲಕ. 1969ರಲ್ಲಿ ಶುರುವಾದ ಸಂಸ್ಥೆ ಅದು. ಕವಿ, ಸಂಗೀತ ಸಂಯೋಜಕರು ಸದಸ್ಯರಾಗಿ ಒಂದೊಂದು ಹಾಡನ್ನೂ ಅಲ್ಲಿ ನೋಂದಾಯಿಸಬೇಕು. ಸದಸ್ಯತ್ವ ಪಡೆದು ಹಾಡು ದಾಖಲಿಸದೆ ಬಿಟ್ಟರೆ ಹಣ ಯಾರ ಹೆಸರಿಗೂ ಬಂದು ಸೇರುವುದಿಲ್ಲ. ಗಾಯಕರು, ವಾದ್ಯದವರಿಗೆ ಇಸಾಮ್ರಾ ಎಂಬ ಅಂಥದೇ ಸಂಘ ಇದೆ. ರೆಕಾರ್ಡಿಂಗ್‌ನ ಹಣ ಮಾತ್ರ, ಹಾಡನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಏರಿಸಿಕೊಡುವ ಡಿಸ್ಟ್ರಿಬ್ಯೂಟರ್ ಕಂಪನಿಯ ಮೂಲಕ ಬರುತ್ತದೆ. ಬಹಳ ಮಂದಿ ಈ ಕೊನೆಯದೊಂದೇ ಹಣ ಎಂದು ತಿಳಿದಿರುತ್ತಾರೆ.

“ಯಾರ ಹಾಡ್ರಿ ಇದು?” ಅಂದರೆ “ನಮ್ಮೂರಾಗ ಮೊದಲಿಂದ ಹಾಡ್ತಾರ್ರಿ” ಅನ್ನುವ ಉತ್ತರ ಸಾಮಾನ್ಯ. ಅಲ್ಲಿಗೆ ಬಿಡಬಾರದು. ನಮ್ಮಲ್ಲಿ ಕವಿಯ ಹಕ್ಕು ಅವರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರು, ಅವರ ತತ್ವಪದ ಯಾರಾದರೂ ಹಾಡಬಹುದು. ಬೇಂದ್ರೆಯವರು 1981ರಲ್ಲಿ ತೀರಿಕೊಂಡದ್ದರಿಂದ 2041ರ ಕೊನೆಯವರೆಗೆ ವಾರಸುದಾರರ ಒಪ್ಪಿಗೆ ಬೇಕು. ಗದಗಿನ ಪಂಚಾಕ್ಷರಿ ಗವಾಯಿಗಳ ರಚನೆಗಳ ಅವಧಿ ಮುಗಿದಿದೆ. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳ ರಚನೆಗಳದ್ದು ಮುಗಿದಿಲ್ಲ. ಇನ್ನೊಂದು ತೊಡಕು ಧಾಟಿಯದು. ಪದ ಶರೀಫರದೇ ಆದರೂ 2009ರಲ್ಲಿ ತೀರಿಕೊಂಡ ಸಿ. ಅಶ್ವತ್ಥ್ ಅವರು ಸಂಯೋಜಿಸಿದ ಧಾಟಿಯಲ್ಲಿ ಹಾಡಿದರೆ ಆ ಧಾಟಿಗೆ ಹಕ್ಕುದಾರರಿದ್ದಾರೆ. ಭಜನಾ ಮಂಡಳಿಗಳಿಗೆ ನಾನು ಹೇಳುವುದು, ನಿಮ್ಮ ಊರಿನ ಹಳೆಯ ಧಾಟಿಯಲ್ಲೇ ಹಾಡ್ರಿ, ಅದು ಕೇಳಲಿಕ್ಕೂ ಹೊಸದಾಗಿರುತ್ತದೆ.

ಪಾಲಿನ ಲೆಕ್ಕ ಸ್ಟುಡಿಯೋದಿಂದ ಸ್ಟುಡಿಯೋಗೆ ಬೇರೆ. ನಾನು ರೆಕಾರ್ಡಿಂಗ್ ಹಣವನ್ನು ನೂರರಲ್ಲಿ ಹೀಗೆ ಹಂಚುತ್ತೇನೆ: ಮುಖ್ಯ ಗಾಯಕರಿಗೆ 40, ಪೇಟಿಗೆ 15, ತಬಲಾಕ್ಕೆ 15, ಹಿಮ್ಮೇಳಕ್ಕೆಲ್ಲ ಸೇರಿ 10, ಖರ್ಚು ಹಾಕಿದ ಸ್ಟುಡಿಯೋಗೆ 20. ತಬಲಾದವರು ಅಂದಿನ ಸಂಭಾವನೆ ತಗೊಂಡು ಪಾಲು ಬೇಡ ಅಂದರೆ ಅದನ್ನೂ ಹಾಳೆಯಲ್ಲೇ ಬರೆಯಬೇಕು.

ಹೊರಗಿನ ಕಂಪನಿಗಳು ಕೊಡುವ ಕಾಗದದಲ್ಲಿ “ಎಲ್ಲ ಹಕ್ಕುಗಳನ್ನು ಶಾಶ್ವತವಾಗಿ” ಎಂಬ ಸಾಲು ಇದ್ದೇ ಇರುತ್ತದೆ. ಕೃತಿಸ್ವಾಮ್ಯ (ಕಾಪಿರೈಟ್) ಕಾನೂನಿಗೆ 2012ರ ತಿದ್ದುಪಡಿ ಆದ ಮೇಲೆ ಕವಿ ಮತ್ತು ಸಂಯೋಜಕರು ತಮ್ಮ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡುತ್ತೇವೆಂದು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಹಕ್ಕು ಸಂಘಕ್ಕೆ ಮಾತ್ರ ಕೊಡಬಹುದು. ಆದ್ದರಿಂದ ಆ ಸಾಲಿನ ಪಕ್ಕದಲ್ಲಿ “ಕಾನೂನಿನ ಪ್ರಕಾರ ಬರುವ ರಾಯಲ್ಟಿ ಹೊರತುಪಡಿಸಿ” ಎಂದು ಸೇರಿಸಿಯೇ ಸಹಿ ಹಾಕಲು ಹೇಳುತ್ತೇನೆ. ಅವಧಿಯ ಸಾಲೂ ನೋಡಬೇಕು. ಕಾಗದದಲ್ಲಿ ವರ್ಷ ಬರೆಯದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ.

ಕ್ಯಾಸೆಟ್ ಕಾಲದವರಿಗೆ ಇದು ಬಹಳ ಉಪಯೋಗದ ಮಾತು. ಹಾವೇರಿ, ಗದಗ ಕಡೆಯ ಎಷ್ಟೋ ಜಾನಪದ ಕವಿಗಳ ಹತ್ತಿರ ಒಂದು ಪುಟದ ಹಳೆಯ ಕರಾರು ಇರುತ್ತದೆ. ಅದು ಈ 5 ವರ್ಷದ ನಿಯಮ ಜಾರಿಗೆ ಬಂದ 1995ರ ಮೇ 10ರ ನಂತರದ್ದಾಗಿ, ಅವಧಿ ಬರೆಯದೆ ಇದ್ದರೆ ಸಾಹಿತ್ಯದ ಹಕ್ಕು ಕವಿಗೇ ತಿರುಗಿ ಬಂದಿರುತ್ತದೆ. ಆದರೆ ಆ ಕ್ಯಾಸೆಟ್‌ನ ರೆಕಾರ್ಡಿಂಗ್ ಅದನ್ನು ಮಾಡಿಸಿದ ಕಂಪನಿಯದೇ. ಹಾಗಾಗಿ ಹಳೆಯ ಕ್ಯಾಸೆಟ್ ಅನ್ನು ಡಿಜಿಟಲ್ ಮಾಡಿ ಏರಿಸುವುದಿಲ್ಲ, ಅದೇ ಹಾಡನ್ನು ಹೊಸದಾಗಿ ಹಾಡಿಸುತ್ತೇನೆ. ಕರಾರನ್ನು ಮಾತ್ರ ಒಮ್ಮೆ ವಕೀಲರಿಗೆ ತೋರಿಸಿರಬೇಕು.

ಏರಿಸುವ ಕೆಲಸದಲ್ಲಿ ಹೆಚ್ಚು ಕೆಡುವುದು ಹೆಸರಿನ ಸ್ಪೆಲ್ಲಿಂಗ್. ಬಸವರಾಜ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಮ್ಮೆ ಕೊನೆಗೆ ಎ ಹಾಕಿ, ಒಮ್ಮೆ ಬಿಟ್ಟು ಬರೆದರೆ ಒಬ್ಬರೇ ಗಾಯಕರಿಗೆ ಎರಡು ಪುಟ ತೆರೆದುಕೊಳ್ಳುತ್ತವೆ, ಕೇಳಿದ ಲೆಕ್ಕ ಒಡೆಯುತ್ತದೆ. ಅದೇ ಹೆಸರಿನ ಬೇರೆಯವರ ಪುಟಕ್ಕೆ ಹಾಡು ಹೋಗಿ ಕೂರುವುದೂ ಉಂಟು. ಪ್ಯಾನ್ ಕಾರ್ಡಿನಲ್ಲಿದ್ದಂತೆ ಒಂದೇ ಸ್ಪೆಲ್ಲಿಂಗ್ ಹಾಳೆಯಲ್ಲಿ ಬರೆಸಿ, ಎಲ್ಲ ಕಡೆ ಅದನ್ನೇ ಹಾಕುತ್ತೇನೆ. ಪುಟ ಮೊದಲೇ ಇದ್ದರೆ ಅದರ ಲಿಂಕ್ ಕೊಡುತ್ತೇನೆ. ಕವಿ, ಸಂಯೋಜಕರ ಕಾಲಂಗಳನ್ನು ಖಾಲಿ ಬಿಡುವುದಾಗಲಿ, ಅಲ್ಲಿ ಗಾಯಕರ ಹೆಸರನ್ನೇ ತುಂಬುವುದಾಗಲಿ ಮಾಡಬಾರದು. ಫೈಲ್ 44.1 ಕಿಲೋಹರ್ಟ್ಸ್, 24 ಬಿಟ್ ವೇವ್. ಚಿತ್ರ 3000×3000 ಪಿಕ್ಸೆಲ್. ಬಿಡುಗಡೆಗೆ ಕನಿಷ್ಠ ಮೂರು ವಾರ ಮೊದಲು ಕಳಿಸಬೇಕು. ಪ್ರತಿ ರೆಕಾರ್ಡಿಂಗ್ ಗುರುತಿಸಲು ಸಿಗುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆಯನ್ನು ಹಾಳೆಯ ಮೇಲೆಯೇ ಬರೆದಿಡುತ್ತೇನೆ. ವರ್ಷದ ಚಂದಾ ಕಟ್ಟದಿದ್ದರೆ ಹಾಡು ಇಳಿಸುವ ಡಿಸ್ಟ್ರಿಬ್ಯೂಟರ್‌ಗಳಿದ್ದಾರೆ. ಅಂಥವರನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುವಾಗ ಅದೇ ಫೈಲ್, ಅದೇ ಸಂಖ್ಯೆ ಕೊಟ್ಟರೆ ಹಳೆಯ ಲೆಕ್ಕ ಉಳಿಯುತ್ತದೆ.

ಸ್ಪಾಟಿಫೈ 2024ರಿಂದ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಹಣ ಕೊಡುವುದಿಲ್ಲ. ಒಂದೇ ಸಲಕ್ಕೆ 12 ಪದ ಏರಿಸಿ, ಒಂದೊಂದನ್ನೂ 400 ಸಲ ಕೇಳಿದರೆ ಅಲ್ಲಿಂದ ಕೈಗೆ ಬರುವುದು ಸೊನ್ನೆ. ಅದಕ್ಕೇ ಒಂದೊಂದಾಗಿ, ಜಾತ್ರೆ, ಶ್ರಾವಣ ನೋಡಿಕೊಂಡು ಬಿಡುತ್ತೇನೆ.

ಯೂಟ್ಯೂಬ್ ಕಂಟೆಂಟ್ ಐಡಿಯಲ್ಲಿ, ಅಂದರೆ ಬೇರೆಯವರ ವಿಡಿಯೋದಲ್ಲಿ ನಮ್ಮ ರೆಕಾರ್ಡಿಂಗ್ ಗುರುತಿಸಿ ಹಕ್ಕು ಸಾಧಿಸುವ (ಕ್ಲೇಮ್ ಹಾಕುವ) ವ್ಯವಸ್ಥೆಯಲ್ಲಿ, ಎಚ್ಚರ ಬೇಕು. ಮಾರುಕಟ್ಟೆಯಲ್ಲಿ ಸಿಗುವ ತಬಲಾ ಲೂಪ್, ಆ್ಯಪ್‌ನ ತಂಬೂರಿ ಬಳಸಿದ ರೆಕಾರ್ಡಿಂಗ್ ಅಲ್ಲಿ ಕೊಡಬಾರದು. ಅದೇ ಲೂಪ್ ಬಳಸಿದ ಊರೆಲ್ಲರ ವಿಡಿಯೋ ಮೇಲೆ ನಮ್ಮ ಹೆಸರಿನಲ್ಲಿ ಕ್ಲೇಮ್ ಬೀಳುತ್ತದೆ, ಕೊನೆಗೆ ನಮ್ಮ ಸೌಲಭ್ಯವೇ ಹೋಗುತ್ತದೆ. ತಂಬೂರಿಯನ್ನು ಸ್ಟುಡಿಯೋದಲ್ಲೇ ನುಡಿಸಿ ರೆಕಾರ್ಡ್ ಮಾಡಿಕೊಂಡರೆ ಈ ತಲೆನೋವಿಲ್ಲ. ನಮ್ಮ ಹಾಡಿನ ಮೇಲೆ ಬೇರೆಯವರ ಕ್ಲೇಮ್ ಬಿದ್ದರೆ 5 ದಿನದೊಳಗೆ ತಕರಾರು ಹಾಕಬೇಕು, ಆಗ ಮೊದಲ ದಿನದಿಂದ ಬಂದ ಹಣ ಯಾರಿಗೂ ಹೋಗದೆ ತಡೆದಿರುತ್ತದೆ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ. ತಕರಾರಿನಲ್ಲಿ “ಇದು ನಮ್ಮದು” ಎಂದಷ್ಟೇ ಬರೆದರೆ ಸಾಲದು. ಪದ ಯಾರದು, ಧಾಟಿ ಯಾವುದು, ರೆಕಾರ್ಡ್ ಆದ ತಾರೀಖು ಯಾವುದು, ಮೂರನ್ನೂ ಬರೆಯಬೇಕು. ಆಗ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ಅಮೆರಿಕದ ತೆರಿಗೆಯ ಫಾರ್ಮ್ ತುಂಬದೆ ಇದ್ದರೆ ಯೂಟ್ಯೂಬ್ ಒಟ್ಟು ಗಳಿಕೆಯಲ್ಲೇ ಶೇ. 24ರವರೆಗೆ ಹಿಡಿಯಬಹುದು. ಪ್ಯಾನ್ ಸಂಖ್ಯೆ ಹಾಕಿ ಭಾರತ–ಅಮೆರಿಕ ತೆರಿಗೆ ಒಪ್ಪಂದದ ಸೌಲಭ್ಯ ಕೇಳಿದರೆ, ಅಮೆರಿಕದ ವೀಕ್ಷಕರಿಂದ ಬಂದದ್ದರ ಮೇಲೆ ಮಾತ್ರ ಶೇ. 15. ಖಾತೆಯಲ್ಲಿ 100 ಡಾಲರ್ ಸೇರಿದ ಮೇಲೆ ಹಣ ಬ್ಯಾಂಕಿಗೆ ಬರುತ್ತದೆ. ಬಂದ ದಿನವೇ ಸ್ಟೇಟ್‌ಮೆಂಟ್‌ನ ಚಿತ್ರದೊಂದಿಗೆ ಪಾಲು ಕಳಿಸುತ್ತೇನೆ, ನೂರು ರೂಪಾಯಿ ಇದ್ದರೂ.

ಹಾಳೆಯ ಕೊನೆಯ ಕಾಲಂ ವಾರಸುದಾರರದು: ಹೆಸರು, ಫೋನ್, ಬ್ಯಾಂಕ್ ಖಾತೆ. ಗಾಯಕರ ಹಕ್ಕು ಹಾಡಿದ ಮುಂದಿನ ವರ್ಷದಿಂದ 50 ವರ್ಷ, ಕವಿಯದು ಅವರ ನಂತರವೂ 60 ವರ್ಷ ನಡೆಯುವುದರಿಂದ ಹಾಳೆಯ ಒಂದು ಪ್ರತಿಯನ್ನು ಮನೆಯಲ್ಲಿ ರೇಷನ್ ಕಾರ್ಡು, ಉತಾರದ ಜೊತೆ ಇಡಲು ಹೇಳಿ ಕಳಿಸುತ್ತೇನೆ.