ಬ್ರೇಕ್ ಕಡಿಮೆ, ಮೈಲೇಜ್ ಜಾಸ್ತಿ

“ಶೋರೂಮಿನಲ್ಲಿ ಲೀಟರಿಗೆ 22 ಅಂದಿದ್ರು, ನನಗೆ 14 ದಾಟ್ತಾ ಇಲ್ಲ.” ಹೊಸ ಕಾರು ತೆಗೆದುಕೊಂಡವರ ಬಾಯಲ್ಲಿ ಈ ಮಾತು ಬಂದೇ ಬರುತ್ತದೆ. ಶೋರೂಮಿನ ಲೆಕ್ಕವೇನೂ ಸುಳ್ಳಲ್ಲ. ಕಾರಿನ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಪ್ರಯೋಗಾಲಯದಲ್ಲಿ ಓಡಿಸಿ ತೆಗೆದ ಅಂಕಿ ಅದು. ಅಲ್ಲಿ ಹಂಪ್ಸ್ ಇಲ್ಲ, ದಿಢೀರ್ ಅಂತ ಅಡ್ಡ ಬರುವ ಆಟೊ ಇಲ್ಲ. ನಮ್ಮ ರಸ್ತೆಯಲ್ಲಿ ಅಷ್ಟು ಸಿಗುವುದು ಕಷ್ಟ. ಆದರೆ ಈಗ ಸಿಗುತ್ತಿರುವುದಕ್ಕಿಂತ ಒಂದೆರಡು ಕಿಲೋಮೀಟರ್ ಜಾಸ್ತಿ ತೆಗೆಯಬಹುದು. ಅದಕ್ಕೆ ಕಾರಿಗೆ ಏನನ್ನೂ ಸೇರಿಸಬೇಕಿಲ್ಲ, ಓಡಿಸುವ ಅಭ್ಯಾಸ ಬದಲಿಸಿಕೊಂಡರೆ ಆಯಿತು.

1. ಮೊದಲು ಸರಿಯಾಗಿ ಅಳೆಯಿರಿ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಪೂರ್ತಿ ನಂಬಬೇಡಿ. ಬಂಕ್‌ನಲ್ಲಿ ಫುಲ್ ಟ್ಯಾಂಕ್ ಮಾಡಿಸಿ. ಗನ್ ತಾನಾಗಿ ಮೊದಲ ಸಲ ಕಟ್ ಆದಾಗ ಸಾಕು ಅನ್ನಿ. ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅದೇ ಬಂಕ್‌ನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಾಕಿಸಿದ ಲೀಟರ್‌ನಿಂದ ಭಾಗಿಸಿದರೆ ನಿಜವಾದ ಮೈಲೇಜ್ ಸಿಗುತ್ತದೆ. ಕಟ್ ಆದ ಮೇಲೂ “ಇನ್ನೊಂಚೂರು ಹಾಕಿ” ಅಂತ ತುಳುಕುವವರೆಗೆ ಹಾಕಿಸಿದರೆ ಲೆಕ್ಕವೂ ತಪ್ಪುತ್ತದೆ, ಟ್ಯಾಂಕಿನ ಆವಿ ಹಿಡಿಯುವ ಭಾಗಕ್ಕೂ ಪೆಟ್ರೋಲ್ ನುಗ್ಗಿ ಅದು ಕೆಡಬಹುದು.

ಇನ್ನೊಂದು ವಿಷಯ. ಈಗ ಬಂಕ್‌ಗಳಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಐದಾರು ವರ್ಷದ ಹಿಂದಿನ ಮೈಲೇಜ್ ಜತೆ ಇವತ್ತಿನದನ್ನು ಹೋಲಿಸಿ ಬೇಜಾರು ಮಾಡಿಕೊಳ್ಳಬೇಡಿ.

2. ಸ್ಟಾರ್ಟ್ ಮಾಡಿ, ಹೊರಡಿ

ಬೆಳಗ್ಗೆ ಐದು ನಿಮಿಷ ಎಂಜಿನ್ ಆನ್ ಮಾಡಿಟ್ಟು, ಗಾಡಿ ಒರೆಸಿ, ಆಮೇಲೆ ಹೊರಡುವ ರೂಢಿ ಕಾರ್ಬ್ಯುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುತ್ತಿದ್ದ ಹಳೆಯ ಭಾಗ) ಕಾಲದ್ದು. ಈಗಿನ ಎಂಜಿನ್‌ಗೆ ಅರ್ಧ ನಿಮಿಷ ಸಾಕು. ಮೊದಲ ಒಂದೆರಡು ಕಿಲೋಮೀಟರ್ ಮೆತ್ತಗೆ ಓಡಿಸಿದರೆ ಅದು ನಿಂತಲ್ಲಿಗಿಂತ ಬೇಗ ಬಿಸಿಯಾಗುತ್ತದೆ. ತಣ್ಣಗಿರುವ ಎಂಜಿನ್ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹಾಲಿಗೆ ಒಂದು ಸಲ, ತರಕಾರಿಗೆ ಇನ್ನೊಂದು ಸಲ ಕಾರು ತೆಗೆಯುವವರಿಗೆ ಮೈಲೇಜ್ ಬರದಿರುವುದು ಇದಕ್ಕೇ. ಕೆಲಸಗಳನ್ನು ಒಂದೇ ಸುತ್ತಿಗೆ ಸೇರಿಸಿಕೊಳ್ಳಿ. ಹಾಲಿಗಂತೂ ನಡೆದೇ ಹೋಗಬಹುದು, ಅಲ್ವಾ?

3. ಗೇರ್ ಬೇಗ ಏರಿಸಿ

ಪೆಟ್ರೋಲ್ ಕಾರಿನಲ್ಲಿ 2000–2500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಆಸುಪಾಸಿನಲ್ಲಿ, ಡೀಸೆಲ್‌ನಲ್ಲಿ 2000ದ ಒಳಗೇ ಮುಂದಿನ ಗೇರ್‌ಗೆ ಹೋಗಿ. ಉಳಿತಾಯ ಅಂದರೆ ಇರುವೆಯ ಹಾಗೆ ತೆವಳಬೇಕು ಅಂತ ಕೆಲವರು ತಿಳಿದಿದ್ದಾರೆ. ಅದೂ ಬೇಕಿಲ್ಲ. ಎರಡನೇ ಗೇರ್‌ನಲ್ಲೇ ನಿಧಾನಕ್ಕೆ ಎಳೆಯುತ್ತಾ ಹೋಗುವುದಕ್ಕಿಂತ, ಆಕ್ಸಿಲರೇಟರನ್ನು ಹದವಾಗಿ ಒತ್ತಿ ಬೇಗ ನಾಲ್ಕನೇ ಗೇರ್‌ಗೆ ಬಂದು, ಅಲ್ಲಿ ಒಂದೇ ವೇಗ ಹಿಡಿಯುವುದು ಲಾಭ.

ಹಾಗಂತ ಎಂಜಿನ್ ಗುದ್ದಾಡುವಷ್ಟು ದೊಡ್ಡ ಗೇರ್ ಬೇಡ. ಏರಿನಲ್ಲಿ ಕಾರು ನಡುಗಿದರೆ, ಆಕ್ಸಿಲರೇಟರ್ ಒತ್ತಿದರೂ ಎಳೆಯದಿದ್ದರೆ, ತಡಮಾಡದೆ ಒಂದು ಗೇರ್ ಇಳಿಸಿ. ಕ್ಲಚ್ ಮೇಲೆ ಎಡಗಾಲು ಇಟ್ಟುಕೊಂಡೇ ಓಡಿಸುವವರು, ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಕಾರು ನಿಲ್ಲಿಸಿಕೊಳ್ಳುವವರು ಪೆಟ್ರೋಲ್ ಜತೆಗೆ ಕ್ಲಚ್ ಪ್ಲೇಟನ್ನೂ ಸುಡುತ್ತಾರೆ. ಏರಿನಲ್ಲಿ ನಿಂತಾಗ ಹ್ಯಾಂಡ್‌ಬ್ರೇಕ್ ಹಾಕಿ. ಗೇರ್ ತಾನೇ ಬದಲಿಸಿಕೊಳ್ಳುವ ಎಎಂಟಿ ಕಾರಿಗೂ ಇದೇ ಮಾತು. ಒಳಗಿರುವುದು ಅದೇ ಕ್ಲಚ್, ಒತ್ತಲು ನಿಮ್ಮ ಕಾಲಿನ ಬದಲು ಮೋಟಾರ್ ಇದೆ ಅಷ್ಟೇ.

4. ದೂರ ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಬ್ರೇಕ್ ಒತ್ತಿದಾಗ ಕಾರಿನ ವೇಗ ಶಾಖವಾಗಿ ಗಾಳಿಗೆ ಹೋಗುತ್ತದೆ. ಆ ವೇಗ ಬಂದದ್ದು ನೀವು ದುಡ್ಡು ಕೊಟ್ಟು ಹಾಕಿಸಿದ ಪೆಟ್ರೋಲ್‌ನಿಂದ.

ಎಷ್ಟು ಹೋಗುತ್ತದೆ? ಜನರೂ ಸೇರಿ 1000 ಕೆ.ಜಿ. ತೂಗುವ ಸಣ್ಣ ಕಾರು 60 ಕಿ.ಮೀ. ವೇಗಕ್ಕೆ ಬರಲು, ಎಂಜಿನ್‌ನ ನಷ್ಟವೂ ಸೇರಿ, ಸುಮಾರು 15–20 ಮಿಲಿ ಲೀಟರ್ ಪೆಟ್ರೋಲ್ ಬೇಕು. 60ರಿಂದ ಪೂರ್ತಿ ಬ್ರೇಕ್ ಹಾಕಿ ನಿಲ್ಲಿಸಿದರೆ, ಲೀಟರಿಗೆ ನೂರು ರೂಪಾಯಿ ಲೆಕ್ಕದಲ್ಲಿ ಒಂದೂವರೆ–ಎರಡು ರೂಪಾಯಿ ಅಲ್ಲೇ ಹೋಯಿತು. ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಹಾರಿ, ಕಿರ್ರೆಂದು ನಿಲ್ಲಿಸುತ್ತಾ ಹೋಗುವವರು ಆಫೀಸು ಮುಟ್ಟುವ ಹೊತ್ತಿಗೆ ಎಷ್ಟಾಗಿರುತ್ತದೆ ಲೆಕ್ಕ ಹಾಕಿ. ಅದೇ 30 ಕಿ.ಮೀ. ವೇಗದಿಂದ ನಿಲ್ಲಿಸಿದರೆ ನಷ್ಟ ಅರ್ಧ ಅಲ್ಲ, ಕಾಲು ಭಾಗ ಮಾತ್ರ. ವೇಗ ಎರಡು ಪಟ್ಟಾದರೆ ಅದರೊಳಗಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಇದನ್ನು ಉಳಿಸುವುದು ಕಣ್ಣಿನ ಕೆಲಸ. ಮುಂದಿನ ಕಾರಿನ ಬಂಪರ್ ನೋಡುತ್ತಾ ಓಡಿಸಿದರೆ ಅವರು ಬ್ರೇಕ್ ಹಾಕಿದಾಗಲೆಲ್ಲ ನೀವೂ ಹಾಕಬೇಕು. ಅದರಾಚೆಯ ಮೂರು ನಾಲ್ಕು ಗಾಡಿ ನೋಡಿ. ದೂರದಲ್ಲಿ ಸಿಗ್ನಲ್ ಕೆಂಪಾಗಿದ್ದರೆ ಈಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ನೀವು ಉರುಳುತ್ತಾ ಹತ್ತಿರ ಬರುವಷ್ಟರಲ್ಲಿ ಹಸಿರಾದರೆ ನಿಲ್ಲುವ ಪ್ರಸಂಗವೇ ಇಲ್ಲ. ಬಿಎಂಟಿಸಿ ಬಸ್ ಹಿಂದಿದ್ದೀರಾ? ಸ್ಟಾಪ್ ಬಂತು ಅಂದರೆ ಅದು ನಿಲ್ಲುತ್ತದೆ, ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿದೆ?

ಹಂಪ್ಸ್ ವಿಷಯವೂ ಇಷ್ಟೇ. ನಮ್ಮ ಬಡಾವಣೆಗಳಲ್ಲಿ ಎರಡು ಹಂಪ್ ನಡುವೆ ನೂರಿನ್ನೂರು ಮೀಟರ್ ಇದ್ದರೆ ಹೆಚ್ಚು. ಆ ಅಂತರದಲ್ಲಿ 50ಕ್ಕೆ ಏರಿಸಿ ಮತ್ತೆ ಹತ್ತಕ್ಕೆ ಇಳಿಸಿ ಸಿಗುವುದಾದರೂ ಏನು? 25–30ರಲ್ಲಿ ಹೋಗಿ, ಹಂಪ್ ಕಾಣುತ್ತಲೇ ಕಾಲು ತೆಗೆಯಿರಿ. ಸಸ್ಪೆನ್ಷನ್ ಕೂಡ ಉಳಿಯುತ್ತದೆ.

ಇದಕ್ಕೆಲ್ಲ ಮುಂದೆ ಜಾಗ ಬೇಕು. ಜಾಗ ಬಿಟ್ಟರೆ ಸ್ಕೂಟರಿನವರು ನುಗ್ಗುತ್ತಾರೆ ಅನ್ನುತ್ತೀರಿ. ನುಗ್ಗಲಿ ಬಿಡಿ. ಅವರು ಮುಂದೆ ಹೋಗುತ್ತಾರೆ, ನಿಮ್ಮ ಜಾಗ ಮತ್ತೆ ನಿಮಗೇ ಸಿಗುತ್ತದೆ.

5. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ

ಇಳಿಜಾರು ಬಂದರೆ ನ್ಯೂಟ್ರಲ್ ಮಾಡಿ ಬಿಡು, ಪೆಟ್ರೋಲ್ ಉಳಿಯುತ್ತೆ ಅಂತ ಹೇಳಿಕೊಡುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಕಾರ್ಬ್ಯುರೇಟರ್ ಕಾರಿನಲ್ಲಿ ಆ ಮಾತಿಗೆ ಸ್ವಲ್ಪ ಅರ್ಥವಿತ್ತು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಇಳಿಜಾರಿನ ಲೆಕ್ಕ ಉಲ್ಟಾ. ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ಕಾರಿನೊಳಗಿನ ಕಂಪ್ಯೂಟರ್ ಇದನ್ನು ಗಮನಿಸಿ ಪೆಟ್ರೋಲ್ ಪೂರ್ತಿ ನಿಲ್ಲಿಸಿಬಿಡುತ್ತದೆ. ಎಂಜಿನ್ ವೇಗ ಐಡ್ಲಿಂಗ್ (ನಿಂತಲ್ಲೇ ಓಡುವಾಗಿನ ವೇಗ) ಹತ್ತಿರಕ್ಕೆ ಇಳಿದ ಮೇಲಷ್ಟೇ ಮತ್ತೆ ಕೊಡುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರಿಹೋಗದಿರಲು ಪೆಟ್ರೋಲ್ ಸುರಿಯುತ್ತಲೇ ಇರಬೇಕು. ಆ ಕ್ಷಣದ ಮೈಲೇಜ್ ತೋರಿಸುವ ಮೀಟರ್ ನಿಮ್ಮ ಕಾರಿನಲ್ಲಿದ್ದರೆ ನೋಡಿ, ಗೇರ್‌ನಲ್ಲಿ ಕಾಲು ಬಿಟ್ಟ ತಕ್ಷಣ ಅಂಕಿ ಪೂರ್ತಿ ಮೇಲಕ್ಕೆ ಹೋಗುತ್ತದೆ.

ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್‌ನಲ್ಲಿ ಕಾರು ಇನ್ನೂ ದೂರ ಉರುಳುತ್ತದೆ ಅನ್ನುವುದು ನಿಜ. ಆದರೆ ಘಾಟಿಯಲ್ಲಿ ಆ ಆಟ ಆಡಬೇಡಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಅಥವಾ ಆಗುಂಬೆಯಿಂದ ಸೋಮೇಶ್ವರದ ಕಡೆ ಇಳಿಯುವಾಗ ನ್ಯೂಟ್ರಲ್‌ನಲ್ಲಿದ್ದರೆ ಕಾರಿನ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ತಿರುವಿನ ಮೇಲೆ ತಿರುವು ಬಂದು ಬ್ರೇಕ್ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಹುಚ್ಚು ಧೈರ್ಯ. ಪೆಡಲ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಕೆಲವೇ ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಇರುವುದಿಲ್ಲ. ಕೀ ತೆಗೆದರೆ ಸ್ಟೀರಿಂಗ್ ಲಾಕ್ ಆಗಲೂಬಹುದು. ಘಾಟಿ ಹತ್ತಲು ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಿರಿ.

6. ನಿಂತಾಗ ಆಫ್ ಮಾಡಿ

ನಿಂತಲ್ಲೇ ಓಡುವ ಸಣ್ಣ ಕಾರಿನ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಎಸಿ ಇದ್ದರೆ ಇನ್ನೂ ಜಾಸ್ತಿ. ಸಿಗ್ನಲ್‌ನ ಕೌಂಟರ್ 30 ಸೆಕೆಂಡಿಗಿಂತ ಹೆಚ್ಚು ತೋರಿಸುತ್ತಿದ್ದರೆ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಲು ಭಾರಿ ಪೆಟ್ರೋಲ್ ಬೇಕು ಅನ್ನುವುದು ಹಳೆಯ ನಂಬಿಕೆ. ಆದರೆ ಸಿಲ್ಕ್ ಬೋರ್ಡ್‌ನಂಥ ಕಡೆ ಸಂಜೆ ಹೊತ್ತು ಒಂದೊಂದೇ ಅಡಿ ಸರಿಯುವಾಗ ಆಫ್–ಆನ್ ಮಾಡುತ್ತಾ ಕೂರಬೇಡಿ. ಬ್ಯಾಟರಿ ಹಳೆಯದಾಗಿದ್ದರೂ ಬೇಡ. ಶಾಲೆ ಗೇಟಿನ ಮುಂದೆ ಮಕ್ಕಳಿಗೆ ಕಾಯುವಾಗ ಮಾತ್ರ ಯಾವ ನೆಪವೂ ಇಲ್ಲ.

7. ಹೆದ್ದಾರಿಯಲ್ಲಿ 80 ಸಾಕು

ಗಾಳಿ ಕಾರನ್ನು ತಡೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100 ಕಿ.ಮೀ. ದೂರವನ್ನು 100ರ ವೇಗದಲ್ಲಿ ಹೋದರೆ ಒಂದು ಗಂಟೆ, 80ರಲ್ಲಿ ಒಂದೂಕಾಲು ಗಂಟೆ. ಉಳಿಯುವುದು ಹದಿನೈದು ನಿಮಿಷ, ಅದು ಮದ್ದೂರಿನಲ್ಲಿ ವಡೆ ತಿನ್ನಲು ನಿಲ್ಲಿಸಿದರೆ ಹೋಯಿತು. ಈ ವೇಗದಲ್ಲಿ ಕಿಟಕಿ ತೆರೆದಿಡುವುದಕ್ಕಿಂತ ಮುಚ್ಚಿ ಎಸಿ ಹಾಕುವುದು ಮೇಲು. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿಯೇ ಸಾಕು. ಖಾಲಿ ಕ್ಯಾರಿಯರ್ ಇದ್ದರೆ ಬಿಚ್ಚಿಡಿ, ಅದೂ ಗಾಳಿಗೆ ಅಡ್ಡ. ಲಾರಿಯ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ಅನ್ನುವವರ ಮಾತು ಕೇಳಬೇಡಿ.

8. ಟೈರ್, ಮತ್ತು ಸುಮ್ನೆ ಖರ್ಚು

ಹದಿನೈದು ದಿನಕ್ಕೊಮ್ಮೆ ಗಾಳಿ ಚೆಕ್ ಮಾಡಿಸಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿರುತ್ತದೆ. ಪಂಕ್ಚರ್ ಅಂಗಡಿಯವರ ಅಂದಾಜು ಬೇಡ. ಟೈರ್ ತಣ್ಣಗಿರುವಾಗಲೇ ನೋಡಿಸಿ, ಓಡಿಸಿ ಬಿಸಿಯಾದ ಮೇಲೆ ಗೇಜ್ ಜಾಸ್ತಿ ತೋರಿಸುತ್ತದೆ.

ಪೆಟ್ರೋಲ್ ಪೈಪಿಗೆ ಕಟ್ಟುವ ಮ್ಯಾಗ್ನೆಟ್, ಟ್ಯಾಂಕಿಗೆ ಹಾಕುವ ಮಾತ್ರೆ, ಇವಕ್ಕೆ ದುಡ್ಡು ಹಾಕಬೇಡಿ. ಸಾಮಾನ್ಯ ಪೆಟ್ರೋಲ್‌ಗೆ ಮಾಡಿದ ಕಾರಿಗೆ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೂ ಕೊಟ್ಟ ದುಡ್ಡಿಗೆ ತಕ್ಕ ಮೈಲೇಜ್ ಸಿಗುವುದಿಲ್ಲ. ಬೆಳಗಿನ ಜಾವ ತಣ್ಣಗಿರುವಾಗ ಹಾಕಿಸಿದರೆ ಹೆಚ್ಚು ಸಿಗುತ್ತದೆ ಅಂತ ನಿದ್ದೆಗೆಟ್ಟು ಬಂಕ್‌ಗೆ ಹೋಗುವವರಿದ್ದಾರೆ. ಬಂಕ್‌ನ ಟ್ಯಾಂಕ್ ಇರುವುದು ನೆಲದಡಿ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಬಿಸಿ ಅಷ್ಟೇನೂ ಬದಲಾಗುವುದಿಲ್ಲ. ಆಫೀಸಿನಿಂದ ಬರುವ ದಾರಿಯಲ್ಲೇ ಹಾಕಿಸಿಕೊಳ್ಳಿ.